ನೆಗಡಿ ಮಾತ್ರೆಯೊಳಗಿನ ಫೀನೈಲ್

ಹೋದ ವಾರ ನೆಗಡಿ ಜೋರಾಗಿತ್ತು. ಮೆಡಿಕಲ್ ಶಾಪಿನವನು ಹೆಚ್ಚೇನೂ ಕೇಳದೆ ಒಂದು ಸ್ಟ್ರಿಪ್ ಕೊಟ್ಟ. ರಜೆ ಹಾಕಿ ಮಲಗಿದ್ದವನು ಬೇರೆ ಕೆಲಸವಿಲ್ಲದೆ ಅದರ ಹಿಂಭಾಗ ಓದಿದೆ: ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮೈನ್, ಫೀನೈಲ್‌ಎಫ್ರಿನ್ 10 ಮಿ.ಗ್ರಾಂ. ಗಟ್ಟಿಯಾಗಿ ಓದಿದ್ದೇ ತಪ್ಪಾಯ್ತು. "ಫಿನಾಯಿಲ್ಲಾ? ಅದು ಬಚ್ಚಲಿಗೆ ಹಾಕೋದಲ್ವೇನೋ!" ಅಂತ ಅಮ್ಮ ಗಾಬರಿಯಾದಳು.

ನಾನು ಪಿಯುಸಿ ಪಾಠ ಒಪ್ಪಿಸಿದೆ. ಬೆಂಜೀನ್ ಅಂದ್ರೆ ಆರು ಇಂಗಾಲದ ಉಂಗುರ. ಅದರಿಂದ ಒಂದು ಹೈಡ್ರೋಜನ್ ಕಿತ್ತರೆ ಉಳಿಯೋದು ಫೀನೈಲ್ ಗುಂಪು. ಅದಕ್ಕೆ ಏನು ಅಂಟಿಕೊಂಡಿದೆ ಅನ್ನೋದರ ಮೇಲೆ ಅದರ ಗುಣ. ನಮ್ಮ ಮೈಯಲ್ಲೇ ಇರೋ ಅಡ್ರಿನಲಿನ್ನಿನ ಉಂಗುರದಲ್ಲಿ ಎರಡು ಓಎಚ್ ಇವೆ, ಒಂದನ್ನು ತೆಗೆದರೆ ಇದೇ ಫೀನೈಲ್‌ಎಫ್ರಿನ್. ರಕ್ತನಾಳ ಬಿಗಿ ಮಾಡಿ ಮೂಗಿನ ಊತ ಇಳಿಸುತ್ತೆ, ಅಷ್ಟೇ!

ಆಮೇಲೆ ಗೂಗಲ್ ಮಾಡಿದೆ. ಇಂಗು ತಿಂದ ಮಂಗನಂತಾದೆ...

2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಸಲಹಾ ಸಮಿತಿಯ 16 ಜನರೂ ಒಮ್ಮತದಿಂದ ಹೇಳಿದ್ದಾರೆ: ನುಂಗುವ ಫೀನೈಲ್‌ಎಫ್ರಿನ್ ಈ ಪ್ರಮಾಣದಲ್ಲಿ ಕಟ್ಟಿದ ಮೂಗು ಬಿಡಿಸುತ್ತೆ ಅನ್ನೋದಕ್ಕೆ ಆಧಾರವಿಲ್ಲ. ಕರುಳು, ಯಕೃತ್ತು ದಾಟುವಷ್ಟರಲ್ಲಿ ಹೆಚ್ಚಿನದೆಲ್ಲ ಒಡೆದುಹೋಗಿರುತ್ತೆ. ನೇರ ಮೂಗಿಗೆ ಬಿಡೋ ಹನಿಯ ಕಥೆ ಬೇರೆ, ಅದು ಕೆಲಸ ಮಾಡುತ್ತೆ. 2024ರ ನವೆಂಬರಿನಲ್ಲಿ ಎಫ್‌ಡಿಎ, ನುಂಗುವ ಔಷಧಗಳಿಂದ ಇದನ್ನು ಕೈಬಿಡುವ ಪ್ರಸ್ತಾವನೆಯನ್ನೂ ಇಟ್ಟಿತು.

ಇದು ಅಷ್ಟೊಂದು ಮಾತ್ರೆಗಳಿಗೆ ಬಂದಿದ್ದಾದರೂ ಹೇಗೆ? ಅಮೆರಿಕದಲ್ಲಿ ಮೊದಲು ಬಳಕೆಯಲ್ಲಿದ್ದ ಸೂಡೋಎಫೆಡ್ರಿನ್ನಿನಿಂದ ಮಾದಕ ವಸ್ತು ತಯಾರಿಸುತ್ತಿದ್ದರು. ಅದಕ್ಕೇ 2006ರಿಂದ ಅದನ್ನು ಗುರುತಿನ ಚೀಟಿ ನೋಡಿಯೇ ಮಾರಬೇಕಾಯ್ತು. ಕಂಪನಿಗಳು ಹಳೇ ಪರೀಕ್ಷೆಗಳನ್ನೇ ನಂಬಿ ಇದನ್ನು ಆ ಜಾಗಕ್ಕೆ ತುಂಬಿದವು. ನಾವು ಹೀಗೆ ಒಂದು ಲೈಬ್ರರಿ ಬದಲಿಸಿ, ಟೆಸ್ಟ್ ಮಾಡದೆ ರಿಲೀಸ್ ಮಾಡಿದ್ರೆ ಮ್ಯಾನೇಜರ್ ಸುಮ್ಮನಿರ್ತಾರಾ?

ನಮ್ಮಲ್ಲಿ 2023ರ ಡಿಸೆಂಬರಿನಲ್ಲಿ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮೈನ್ ಜೊತೆಗಿನ ಈ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಲು ಹೇಳಿದರು. ಒಳ್ಳೇದೇ. ಆದ್ರೆ ದೊಡ್ಡವರ ಗತಿ? ಅಪ್ಪನಿಗೆ ಬಿಪಿ ಇದೆ. ಬಿಪಿ ಇದ್ದೋರು ಡಾಕ್ಟರನ್ನು ಕೇಳಿ ತಗೋಬೇಕು ಅನ್ನೋ ಔಷಧ ಇದು. ಅವರು ಪ್ರತಿ ನೆಗಡಿಗೂ ಇದೇ ಮಾತ್ರೆ ನುಂಗ್ತಾರೆ, ಯಾರನ್ನೂ ಕೇಳದೆ. ಪ್ರಯೋಜನವೇ ಇಲ್ಲದ್ದಕ್ಕೆ ಆ ಸಣ್ಣ ಅಪಾಯವಾದರೂ ಯಾಕೆ ಬೇಕು? ನನ್ನ ಪ್ರಕಾರ ಇದನ್ನು ನಮ್ಮ ಮಾತ್ರೆಗಳಿಂದಲೂ ತೆಗೀಬೇಕು.

ಮಾರನೇ ದಿನ ಅದೇ ಅಂಗಡಿಗೆ ಹೋಗಿ ಬರೀ ಪ್ಯಾರಾಸಿಟಮಾಲ್ ಕೇಳಿದೆ. "ಅದೊಂದರಲ್ಲಿ ನೆಗಡಿ ಹೋಗಲ್ಲ ಸಾರ್" ಅಂದ. "ಇದರಲ್ಲೂ ಹೋಗ್ಲಿಲ್ಲ ಮಾರಾಯಾ" ಅಂದೆ.