ಒಂದೂಕಾಲು ಗಂಟೆಯ ಸುಳ್ಳು

ಆಳಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ದೊಡ್ಡವ್ವ ಮೊನ್ನೆ ಕೇಳಿದಳು: ‘ಬೆಂಗಳೂರು ಈಗ ಒಂದು ತಾಸಿನ ದಾರಿ ಅಂತ ಪೇಪರ್‌ನ್ಯಾಗ ಬರೀತೀರಿ. ಮತ್ತ ನಾನ್ಯಾಕ ದವಾಖಾನಿಗೆ ರಾತ್ರಿಯೆಲ್ಲಾ ಬಸ್ಸಿನ್ಯಾಗ ಕುಂತು ಹೋಗಬೇಕೋ ತಮ್ಮಾ?’

ಉತ್ತರ ಕೊಡಬೇಕಾದವರು ನಾವೇ, ಪತ್ರಕರ್ತರು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ ಅದಕ್ಕೂ ನಡುವೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 460 ಕಿ.ಮೀ. ಹಾರಾಟದ ಅವಧಿ ಒಂದೂಕಾಲು ಗಂಟೆ ಆಸುಪಾಸು. ಲೆಕ್ಕ ಸರಿಯೇ ಇದೆ. ಆದರೆ ಅದು ರನ್‌ವೇಯಿಂದ ರನ್‌ವೇಗೆ ಹಾಕಿದ ಲೆಕ್ಕ. ರನ್‌ವೇ ಮೇಲೆ ಯಾರ ಮನೆಯೂ ಇಲ್ಲ, ಯಾವ ದವಾಖಾನೆಯೂ ಇಲ್ಲ.

ದೊಡ್ಡವ್ವನ ಲೆಕ್ಕ ಹಾಕೋಣ. ಊರಿಂದ ಕಲಬುರಗಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಅಲ್ಲಿಂದ ಶ್ರೀನಿವಾಸ ಸರಡಗಿಯ ನಿಲ್ದಾಣಕ್ಕೆ ಅರ್ಧ ತಾಸು. ವಿಮಾನ ಹೊರಡುವ ಒಂದೂವರೆ ತಾಸು ಮೊದಲೇ ಅಲ್ಲಿರಬೇಕು. ಹಾರಾಟ ಒಂದೂಕಾಲು ತಾಸು. ಇಳಿದು, ಚೀಲ ಹಿಡಿದು ಹೊರಬರಲು ಅರ್ಧ ತಾಸು. ದೇವನಹಳ್ಳಿ ಕಡೆಯಿಂದ ಊರೊಳಗೆ ಬರಲು, ಟ್ರಾಫಿಕ್ ಕೃಪೆ ಮಾಡಿದರೆ, ಒಂದೂವರೆ ತಾಸು. ಒಟ್ಟು ಆರೂಮುಕ್ಕಾಲು. ಬಸ್ಸಿನ ಹೊತ್ತಿಗೂ ವಿಮಾನದ ಹೊತ್ತಿಗೂ ತಾಳೆಯಾಗದಿದ್ದರೆ ಇನ್ನೂ ಹೆಚ್ಚು. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ರೈಲು ಕಲಬುರಗಿಯಿಂದ ಬೆಂಗಳೂರಿಗೆ ಒಂಬತ್ತು ತಾಸಿನೊಳಗೇ ಮುಟ್ಟಿಸುತ್ತದೆ. ಅಂದರೆ ಆಕಾಶದಲ್ಲಿ ಉಳಿಸಿದ್ದನ್ನು ನೆಲದ ಮೇಲೆ ಕಳೆಯುತ್ತೇವೆ.

ಈ ಲೆಕ್ಕವೂ ವಿಮಾನ ಇದ್ದ ದಿನದ್ದು. ರೈಲು ತಪ್ಪಿದರೆ ಇನ್ನೊಂದು ರೈಲಿದೆ, ಬಸ್ಸಿದೆ. ದಿನಕ್ಕೊಂದೇ ವಿಮಾನವಿರುವ ಊರಿನಲ್ಲಿ ಅದು ತಪ್ಪಿದರೆ ಒಂದೂಕಾಲು ಗಂಟೆಯ ದಾರಿ ಇಡೀ ದಿನದ್ದಾಗುತ್ತದೆ. ಸೇವೆಯೇ ನಿಂತರೆ? ಬೀದರ್‌ನಲ್ಲಿ 2020ರ ಫೆಬ್ರುವರಿಯಲ್ಲಿ ಶುರುವಾದ ವಿಮಾನ ನಡುವೆ ನಿಂತು, ಮತ್ತೆ ಶುರು ಮಾಡಬೇಕಾಯಿತು. ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಹಾಯಧನ ಸಿಗುವುದು ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬದಿದ್ದರೆ ಕಂಪನಿ ಬೇರೆ ಊರು ನೋಡಿಕೊಳ್ಳುತ್ತದೆ. ನಿಲ್ದಾಣ ಇಲ್ಲೇ ಇರುತ್ತದೆ, 460 ಕಿ.ಮೀ. ಕೂಡ ಬದಲಾಗುವುದಿಲ್ಲ.

ವಿಮಾನ ನಿಲ್ದಾಣ ಬೇಡ ಎನ್ನುತ್ತಿಲ್ಲ. ತುರ್ತಿದ್ದವರಿಗೆ, ದುಡ್ಡಿದ್ದವರಿಗೆ ಅದು ಬೇಕು. ಆದರೆ ‘ಒಂದೂಕಾಲು ಗಂಟೆ’ ತೋರಿಸಿ ಕಲ್ಯಾಣ ಕರ್ನಾಟಕ ರಾಜಧಾನಿಗೆ ಹತ್ತಿರವಾಯಿತು ಎಂದರೆ, ಕೇಳಬೇಕಾದ ಪ್ರಶ್ನೆಗಳು ಅದರಡಿ ಹೂತುಹೋಗುತ್ತವೆ. 2014ರಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗ ಹತ್ತು ವರ್ಷ ದಾಟಿದರೂ ಕಾಗದದಲ್ಲೇ ಇದೆ. ವಿಮಾನದ ಹೊತ್ತಿಗೆ ಹೊಂದುವ ಬಸ್ಸು ತಾಲ್ಲೂಕುಗಳಿಂದ ಬಿಡಿ ಎಂದು ಕೇಳುವವರೂ ಕಡಿಮೆ. ದೊಡ್ಡವ್ವ ಬೆಂಗಳೂರಿಗೇ ಯಾಕೆ ಹೋಗಬೇಕು ಎಂಬ ಪ್ರಶ್ನೆಯಂತೂ ಎದ್ದೇಳುವುದೇ ಇಲ್ಲ.

ಗೆಳೆಯರೇ, ಹೊಸ ವಿಮಾನದ ಸುದ್ದಿ ಬರೆಯುವಾಗ ಪ್ರಕಟಣೆಯಲ್ಲಿರುವ ನಿಮಿಷಗಳನ್ನು ಹಾಗೇ ಇಳಿಸಬೇಡಿ. ವಾರಕ್ಕೆ ಎಷ್ಟು ದಿನ, ಟಿಕೆಟ್ ಎಷ್ಟು, ನಿಲ್ದಾಣಕ್ಕೆ ಬಸ್ಸು ಇದೆಯೇ, ಇವಿಷ್ಟನ್ನೂ ಅದೇ ಸುದ್ದಿಯಲ್ಲಿ ಬರೆಯಿರಿ. ದೂರವನ್ನು ದೊಡ್ಡವ್ವನ ಕಟ್ಟೆಯಿಂದ ದವಾಖಾನೆಯ ಬಾಗಿಲಿನವರೆಗೆ ಅಳೆಯಿರಿ.