ರಾತ್ರಿ ಓದುವವನಿಗೆ ಸಂಶೋಧನೆ ಬೇಡವೇ?

ಕಾಲೇಜಿನಲ್ಲಿ ಪದವಿಗೆ ಓದುತ್ತಿರುವ ಹುಡುಗ ಹುಡುಗಿಯರು ಸಂಶೋಧನೆ ಮಾಡಲೆಂದು ಸರಕಾರ ಹಣ ಕೊಡುತ್ತದೆ. ಈ ಸಂಗತಿ ನಮ್ಮ ಹೊಟೇಲು ಕಾಮಗಾರರಲ್ಲಿ ಎಷ್ಟು ಮಂದಿಗೆ ಗೊತ್ತು? ಗಿರಣಿ ಚಾಳುಗಳ ಎಷ್ಟು ಮನೆಗಳಿಗೆ ಗೊತ್ತು? ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ನಮ್ಮಂಥವರ ಮಕ್ಕಳೂ ಆ ಬಾಗಿಲಿಗೆ ಬಂದಾರು ಎಂದು ಅದನ್ನು ಕಟ್ಟಿದವರು ಎಣಿಸಿಯೇ ಇರಲಿಲ್ಲ.

ಲೆಕ್ಕ ನೋಡೋಣ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ‘ಇನ್‌ಸ್ಪೈರ್’ ಯೋಜನೆಯನ್ನು ಆರಂಭಿಸಿತು. ಮೂಲ ವಿಜ್ಞಾನ ಓದುವ ವಿದ್ಯಾರ್ಥಿಗೆ ವರ್ಷಕ್ಕೆ 80,000 ರೂಪಾಯಿ ಗೊತ್ತುಮಾಡಿದರು. ಅದರಲ್ಲಿ 60,000 ವಿದ್ಯಾರ್ಥಿವೇತನ; ಉಳಿದ 20,000 ಬೇಸಿಗೆಯಲ್ಲಿ ಒಬ್ಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವುದಕ್ಕೆ. ಯೋಜನೆ ಒಳ್ಳೆಯದು, ಹೊಗಳುತ್ತೇವೆ. ಆದರೆ ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರರನ್ನು ನೋಡಿರಿ! ಹನ್ನೆರಡನೆಯ ತರಗತಿಯಲ್ಲಿ ತನ್ನ ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬರಬೇಕು, ಇಲ್ಲವೇ ದೊಡ್ಡ ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆಯಬೇಕು. ವಯಸ್ಸು 17ರಿಂದ 22ರೊಳಗಿರಬೇಕು. ಓದುವುದು ವಿಜ್ಞಾನವೇ ಆಗಿರಬೇಕು.

ಇನ್ನು ನಮ್ಮ ಹುಡುಗನನ್ನು ನೋಡಿರಿ. ಹದಿನೆಂಟಕ್ಕೆ ಊರು ಬಿಟ್ಟು ಬಂದು ಹೊಟೇಲು ಸೇರುತ್ತಾನೆ. ಪಾಳಿ ಮುಗಿಸಿ ರಾತ್ರಿ ಶಾಲೆಗೆ ಓಡುತ್ತಾನೆ. ಅವನು ಹನ್ನೆರಡನೆಯದನ್ನು ಪಾಸು ಮಾಡುವಾಗ ಇಪ್ಪತ್ತನಾಲ್ಕು ತುಂಬಿರುತ್ತದೆ. ರಾತ್ರಿ ಕಾಲೇಜುಗಳಲ್ಲಿ ಸಿಗುವುದು ಹೆಚ್ಚಾಗಿ ವಾಣಿಜ್ಯ ಮತ್ತು ಕಲೆ. ಹಾಗಾದರೆ ಮೂರು ಬಾಗಿಲೂ ಅವನಿಗೆ ಮುಚ್ಚಿದವು. ಇದಕ್ಕೆ ಅವರು ‘ಮೆರಿಟ್’ ಎಂದು ಹೆಸರಿಟ್ಟಿದ್ದಾರೆ. ಹತ್ತು ಗಂಟೆ ನಿಂತು ದುಡಿದು, ಆಮೇಲೆ ಪುಸ್ತಕ ಬಿಡಿಸಿ ಪಾಸಾದವನ ಶೇಕಡಾ 60 ದೊಡ್ಡದೋ, ಟ್ಯೂಷನ್ನಿಗೆ ಹಣ ಸುರಿದು ಗಳಿಸಿದ 95 ದೊಡ್ಡದೋ? ಈ ತಕ್ಕಡಿ ಯಾರ ಕೈಯಲ್ಲಿದೆ ಎಂದು ನಾವು ಕೇಳುತ್ತೇವೆ.

ಭಾಷೆಯ ಮಾತು ಬೇರೆಯೇ ಇದೆ. 1999ರಿಂದ ‘ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ’ ಎಂಬುದೊಂದು ನಡೆಯುತ್ತಿತ್ತು. ಬಿ.ಎಸ್‌ಸಿ. ಓದುವವರಿಗೆ ತಿಂಗಳಿಗೆ 5,000 ರೂಪಾಯಿ ಕೊಡುತ್ತಿದ್ದರು. ಅದನ್ನು ನಡೆಸುತ್ತಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಕನ್ನಡ ನಾಡಿನ ನಡುವೆ ಕುಳಿತು ನಡೆಸಿದ ಆ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು, ಕನ್ನಡದಲ್ಲಿರಲಿಲ್ಲ! 2021ರಲ್ಲಿ ಈ ಅನ್ಯಾಯವನ್ನು ಮದ್ರಾಸ್ ಹೈಕೋರ್ಟಿನ ಮುಂದಿಟ್ಟವರು ತಮಿಳುನಾಡಿನವರು. ಪ್ರಾದೇಶಿಕ ಭಾಷೆಗಳಲ್ಲಿ ಏಕಿಲ್ಲ ಎಂದು ಕೋರ್ಟು ಕೇಳಿತು. ನವೆಂಬರ್ 7ರ ಪರೀಕ್ಷೆ ಮುಂದಕ್ಕೆ ಹೋಯಿತು. ಕರ್ನಾಟಕದ ಮಂತ್ರಿಗಳೂ ಪಂಡಿತರೂ ಮೊದಲು ಎತ್ತಬೇಕಾಗಿದ್ದ ದನಿ ಅದು. 2022ರಲ್ಲಿ ಯೋಜನೆಯನ್ನೇ ನಿಲ್ಲಿಸಿ ಇನ್‌ಸ್ಪೈರಿನಲ್ಲಿ ಸೇರಿಸಿದರು. ಕನ್ನಡದಲ್ಲಿ ಬರೆಯುವ ಹಕ್ಕಿನ ಪ್ರಶ್ನೆ ಹಾಗೆಯೇ ಉಳಿಯಿತು.

ನಮ್ಮವರಲ್ಲೇ ಕೆಲವರು ಹೇಳುವುದುಂಟು: “ಮೊದಲು ಹೊಟ್ಟೆ ತುಂಬಲಿ, ಸಂಶೋಧನೆ ದೊಡ್ಡವರ ಮಕ್ಕಳ ಆಟ.” ಬಂಧುಗಳೇ, ಸಂಶೋಧನೆಯೂ ದುಡಿಮೆಯೇ. ದುಡಿಮೆಗೆ ಪಗಾರ ಇದ್ದರೆ ಬಡವನೂ ಮಾಡಬಲ್ಲ, ಬಿಟ್ಟಿಯಾದರೆ ಉಳ್ಳವನು ಮಾತ್ರ ಮಾಡಬಲ್ಲ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ ಎಂಬ ಮಹಿಳೆ 1969ರಲ್ಲಿಯೇ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಸೇರಿಸುವ ಯೋಜನೆ ಹೂಡಿದರು. ಅಲ್ಲಿನ ವಿದ್ಯಾರ್ಥಿ ಆ ಕೆಲಸಕ್ಕೆ ಪರೀಕ್ಷೆಯ ಅಂಕವನ್ನಾದರೂ ಪಡೆಯಬಹುದು, ಸಂಬಳವನ್ನಾದರೂ ಪಡೆಯಬಹುದು. ಬಂಡವಾಳಗಾರರ ದೇಶದಲ್ಲಿ ಒಪ್ಪಿದ ಮಾತು ಇಲ್ಲಿ ಏಕೆ ಕಹಿಯಾಗಬೇಕು?

ನಮ್ಮ ಜನಕ್ಕೆ ಸಂಶೋಧನೆಯ ಬುದ್ಧಿ ಎಲ್ಲಿದೆ ಎಂದು ಕೇಳುವವರಿಗೆ ಮುಂಬಯಿಯೇ ಉತ್ತರ ಕೊಟ್ಟಿದೆ. ಇಲ್ಲಿನ ‘ಪುಕಾರ್’ ಸಂಸ್ಥೆ 2005ರಿಂದ ಝೋಪಡಪಟ್ಟಿ, ಚಾಳುಗಳ ತರುಣರಿಗೆ ಫೆಲೋಶಿಪ್ ಕೊಟ್ಟು ಅವರವರ ವಸ್ತಿಯನ್ನೇ ಅಭ್ಯಾಸ ಮಾಡಿಸಿತು. ‘ಬರಿಗಾಲ ಸಂಶೋಧಕರು’ ಎಂದು ಅವರನ್ನು ಕರೆದರು. ಸಂಸ್ಥೆಯನ್ನು ಕಟ್ಟಿದ ವಿದ್ವಾಂಸ ಅರ್ಜುನ್ ಅಪ್ಪಾದುರೈ 2006ರಲ್ಲಿ ಸಂಶೋಧನೆಯನ್ನೇ ಒಂದು ಹಕ್ಕೆಂದು ವಾದಿಸಿದರು. ಈ ಮಾತನ್ನು ನಾವು ಎರಡೂ ಕೈಯಿಂದ ಎತ್ತಿ ಹಿಡಿಯುತ್ತೇವೆ.

ಏಕೆಂದರೆ ನಮ್ಮ ಪ್ರಶ್ನೆಗಳನ್ನು ಬೇರೆಯವರು ಕೇಳುವುದಿಲ್ಲ. ಭಟ್ಟಿಯ ಹೊಗೆಯಲ್ಲಿ ಇಪ್ಪತ್ತು ವರ್ಷ ನಿಂತವನ ಎದೆಗೂಡು ಏನಾಯಿತು? ಹತ್ತಿಯ ದೂಳು ಕುಡಿದ ಗಿರಣಿ ಕಾಮಗಾರನ ಕೆಮ್ಮಿಗೆ ಪರಿಹಾರ ಸಿಕ್ಕಿತೇ? ಗಿರಣಿ ಜಮೀನಿನ ಮೂರನೆಯ ಒಂದು ಪಾಲು ಮನೆಗಳಿಗೆ ಎಂದಿದ್ದ 1991ರ ನಿಯಮವನ್ನು 2001ರಲ್ಲಿ ತಿದ್ದಿದ ಮೇಲೆ ಯಾರ ಪಾಲು ಎಷ್ಟು ಕರಗಿತು? 1982ರ ಮುಷ್ಕರದಲ್ಲಿ ಊರಿಗೆ ಮರಳಿದ ಕನ್ನಡದ ಸಂಸಾರಗಳ ಕಥೆಯನ್ನು ಯಾರು ನಾಟಕವಾಗಿ ಬರೆದು ಆಡುತ್ತಾರೆ? ಮಾಣಿಯ ಮಗಳು, ಸಾಂಚಾ ನಡೆಸಿದವನ ಮೊಮ್ಮಗ ಇದನ್ನು ಕೇಳಿದರೆ ಉತ್ತರ ಬೇರೆಯೇ ಬಂದೀತು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಪದವಿ ವಿದ್ಯಾರ್ಥಿಗಳ ಸಂಶೋಧನಾ ಧನದಲ್ಲಿ ರಾತ್ರಿ ಕಾಲೇಜಿನವರಿಗೆ ಒಂದು ಪಾಲು ಮೀಸಲಿಡಬೇಕು. ದುಡಿಯುತ್ತ ಓದುವವನಿಗೆ ವಯಸ್ಸಿನ ಕಟ್ಟು ಇರಬಾರದು. ಚರಿತ್ರೆ, ನಾಟಕ, ಚಿತ್ರಗಳಿಗೂ ಹಣ ಸಿಗಬೇಕು. ಅರ್ಜಿಯನ್ನೂ ವರದಿಯನ್ನೂ ಕನ್ನಡದಲ್ಲಿ ಬರೆಯಲು ಬಿಡಬೇಕು. ಬಾಡಿಗೆ ಹೇಗೆ ತಿಂಗಳಿಗೊಮ್ಮೆ ಕೇಳುತ್ತದೆಯೋ ಹಾಗೆಯೇ ಹಣವೂ ತಿಂಗಳಿಗೊಮ್ಮೆ ಕೈಗೆ ಬರಬೇಕು.

ಪ್ರತಿಯೊಂದು ಶಾಖೆಯೂ ಸಭೆ ಸೇರಿ ಈ ಠರಾವನ್ನು ಪಾಸು ಮಾಡಿ ದಿಲ್ಲಿಗೂ ಬೆಂಗಳೂರಿಗೂ ಕಳಿಸಲಿ. ಮಕ್ಕಳನ್ನು ಓದಿಸುತ್ತಿರುವ ಪ್ರತಿಯೊಬ್ಬ ಕಾಮಗಾರನೂ ಅದಕ್ಕೆ ಸಹಿ ಹಾಕಲಿ. ದೇಶದ ಬೊಕ್ಕಸಕ್ಕೆ ನಮ್ಮ ಬೆವರೂ ಬಿದ್ದಿದೆ. ಅದರಿಂದ ಹೊರಡುವ ಹಣದಲ್ಲಿ ನಮ್ಮ ಮಕ್ಕಳಿಗೂ ಹಕ್ಕಿದೆ.