ಇಂಗ್ಲಿಷ್ ವ್ಯಾಕರಣಕ್ಕೆ ಕನ್ನಡದ ಮೆಟ್ಟಿಲು

ಜೂನ್ ಬಂತೆಂದರೆ ಶಾಲೆಗಳ ಜೊತೆಗೆ ಇಂಗ್ಲಿಷ್ ಕುರಿತ ನಮ್ಮ ವಾಗ್ವಾದವೂ ಪುನರಾರಂಭವಾಗುತ್ತದೆ. ಮೂರು ದಶಕಗಳ ಈ ವಾಗ್ವಾದದ ಘಟ್ಟಗಳು ಓದುಗರಿಗೆ ಪರಿಚಿತವೇ. 1994ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರವು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಬೋಧನಾ ಮಾಧ್ಯಮವಾಗಿರಬೇಕೆಂದು ಆದೇಶಿಸಿತು. 2007-08ರ ಶೈಕ್ಷಣಿಕ ವರ್ಷದಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಮಾಧ್ಯಮದ ಆಯ್ಕೆ ಪೋಷಕರಿಗೆ ಸೇರಿದ್ದೆಂದು ತೀರ್ಪಿತ್ತಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಸರ್ಕಾರ ಮುಂದಾಯಿತು.

ಈ ಎಲ್ಲ ಘಟ್ಟಗಳಲ್ಲಿಯೂ ನಾವು ಕೇಳಿದ್ದು ಎರಡೇ ಪ್ರಶ್ನೆಗಳನ್ನು. ಇಂಗ್ಲಿಷ್ ಯಾವ ತರಗತಿಯಿಂದ? ಬೋಧನೆ ಯಾವ ಮಾಧ್ಯಮದಲ್ಲಿ? ಕನ್ನಡದಲ್ಲಿ ಯೋಚಿಸುವ ಮಗುವಿಗೆ ಇಂಗ್ಲಿಷಿನ ವಾಕ್ಯವನ್ನು ಕಟ್ಟಲು ಹೇಗೆ ಕಲಿಸಬೇಕು ಎಂಬ ಮೂರನೆಯ ಪ್ರಶ್ನೆ ವಿಧಾನಸಭೆಯಲ್ಲಾಗಲಿ, ಬೀದಿಯಲ್ಲಾಗಲಿ, ನ್ಯಾಯಾಲಯದಲ್ಲಾಗಲಿ ಗಂಭೀರವಾಗಿ ಚರ್ಚೆಗೆ ಬರಲಿಲ್ಲ. ಅದರ ಫಲ ಎದುರಿಗೇ ಇದೆ. ಗ್ರಾಮೀಣ ಭಾರತದ ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2022ರ ವರದಿಯಂತೆ, ಐದನೆಯ ತರಗತಿಯಲ್ಲಿ ಸರಳ ಇಂಗ್ಲಿಷ್ ವಾಕ್ಯವನ್ನು ಓದಬಲ್ಲವರು ನೂರಕ್ಕೆ ಸುಮಾರು 24 ಮಕ್ಕಳು ಮಾತ್ರ. 2016ರಲ್ಲಿಯೂ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ ಇತ್ತು. ಓದುವುದರ ಗತಿಯೇ ಹೀಗಿರುವಾಗ ಸ್ವಂತವಾಗಿ ಬರೆಯುವುದರ ಮಾತನ್ನು ಹೇಳಬೇಕಾಗಿಲ್ಲ.

ನಾನು ಭಾಷಾ ಶಿಕ್ಷಕನಲ್ಲ, ಅರ್ಥಶಾಸ್ತ್ರ ಓದಿ ಸರ್ಕಾರಿ ಸೇವೆಗೆ ಬಂದವನು. ಆದರೂ ಈ ವಿಷಯದಲ್ಲಿ ಮಾತನಾಡುವ ಧೈರ್ಯ ಮಾಡಿರುವುದಕ್ಕೆ ಸೇವಾವಧಿಯ ಒಂದು ಪ್ರಸಂಗ ಕಾರಣ. ಅದರಲ್ಲಿ ತಪ್ಪು ನನ್ನದು.

ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ನಾನಿದ್ದಾಗ ಹೊರದೇಶದ ಸಾಲದ ನೆರವಿನಿಂದ ಕುಡಿಯುವ ನೀರಿನ ಯೋಜನೆಯೊಂದು ನಡೆಯುತ್ತಿತ್ತು. ನಮ್ಮ ಉಳಿದ ಕಡತಗಳೆಲ್ಲ ಕನ್ನಡದಲ್ಲಿದ್ದರೂ ಈ ಯೋಜನೆಯ ಕಡತ ಇಂಗ್ಲಿಷಿನಲ್ಲಿಯೇ ಇರಬೇಕಾಗಿತ್ತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದ ಪ್ರಥಮ ದರ್ಜೆ ಸಹಾಯಕರೊಬ್ಬರು ಕಾಮಗಾರಿಗಳ ಎರಡು ಪಟ್ಟಿಗಳನ್ನು ತಾಳೆ ನೋಡಿ ಟಿಪ್ಪಣಿ ಮಂಡಿಸಿದರು. ಮೊದಲ ಪಟ್ಟಿಯಲ್ಲಿ ಗ್ರಾಮವೊಂದರ ಶಾಲೆಯ ಬಳಿ ಕೊರೆದ ಕೊಳವೆಬಾವಿಯ ಉಲ್ಲೇಖವಿತ್ತು. ಟಿಪ್ಪಣಿಯ ಮುಂದಿನ ವಾಕ್ಯ ಹೀಗಿತ್ತು: ‘ಬೋರ್‌ವೆಲ್ ಈಸ್ ಶೋನ್ ಇನ್ ಸೆಕೆಂಡ್ ಲಿಸ್ಟ್ ಆಲ್ಸೊ.’ ನಾನು ಕೆಂಪು ಶಾಯಿಯಲ್ಲಿ ‘ಬೋರ್‌ವೆಲ್’ ಪದದ ಹಿಂದೆ ‘ಎ’ ಎಂದೂ, ‘ಸೆಕೆಂಡ್ ಲಿಸ್ಟ್’ ಹಿಂದೆ ‘ದಿ’ ಎಂದೂ ಸೇರಿಸಿ, ಇಂಗ್ಲಿಷನ್ನು ಸುಧಾರಿಸಿಕೊಳ್ಳುವಂತೆ ಅಂಚಿನಲ್ಲಿ ಬರೆದು ಸಹಿ ಮಾಡಿದೆ. ಎರಡನೆಯ ಪಟ್ಟಿಯಲ್ಲಿಯೂ ಒಂದು ಕೊಳವೆಬಾವಿ ಇದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಇದ್ದರೆ ಇರಲಿ, ಎರಡು ಬಾವಿಗಳಿಗೆ ಎರಡು ಬಿಲ್ಲು. ಹಣ ಪಾವತಿಯಾಯಿತು.

ಕೆಲವು ತಿಂಗಳ ನಂತರ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಿದರು. ಬಾವಿ ಒಂದೇ, ಬಿಲ್ಲು ಮಾತ್ರ ಎರಡು. ಸಮಜಾಯಿಷಿ ಕೇಳುವ ನೋಟಿಸು ವಾಡಿಕೆಯಂತೆ ಮೊದಲು ಹೋದದ್ದು ಕಡತ ನಿರ್ವಹಿಸುತ್ತಿದ್ದ ಆ ಸಹಾಯಕರಿಗೆ. ಅವರು ಕಡತವನ್ನು ಹಿಡಿದು ನನ್ನ ಮುಂದೆ ನಿಂತು, ‘ಸರ್, ನಾನು ಬರೆದದ್ದು ಅದೇ ಬಾವಿ ಅಂತ’ ಎಂದರು. ಅವರ ವಾಕ್ಯಕ್ಕೆ ಬೇಕಾಗಿದ್ದದ್ದು ‘ದಿ’. ನಾನು ಹಾಕಿದ್ದು ‘ಎ’. ತಿದ್ದುವ ಆತುರದಲ್ಲಿ ಅರ್ಥವನ್ನೇ ಬದಲಿಸಿದ್ದೆ. ಹಣ ವಸೂಲಾಯಿತು, ನೋಟಿಸನ್ನು ಹಿಂಪಡೆಯಲಾಯಿತು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಆ ಸಹಾಯಕರಿಗೆ ‘ಒಂದು ಬಾವಿ’ ಮತ್ತು ‘ಆ ಬಾವಿ’ಗಳ ವ್ಯತ್ಯಾಸ ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಕನ್ನಡದಲ್ಲಿ ಬರೆದಿದ್ದರೆ ‘ಕೊಳವೆಬಾವಿಯನ್ನು ಎರಡನೆಯ ಪಟ್ಟಿಯಲ್ಲಿಯೂ ತೋರಿಸಲಾಗಿದೆ’ ಎಂದು ಬರೆಯುತ್ತಿದ್ದರು. ಮೇಲೆ ಹೇಳಿದ ಬಾವಿಯೇ ಎಂಬುದು ಆ ‘ಅನ್ನು’ ಪ್ರತ್ಯಯದಿಂದಲೇ ಓದುಗನಿಗೆ ಹೊಳೆಯುತ್ತಿತ್ತು. ‘ಪುಸ್ತಕ ತಂದೆ’ ಎನ್ನುವುದಕ್ಕೂ ‘ಪುಸ್ತಕವನ್ನು ತಂದೆ’ ಎನ್ನುವುದಕ್ಕೂ ಇರುವ ಅಂತರ ಕನ್ನಡದ ಮಗುವಿಗೆ ಸಹಜವಾಗಿಯೇ ತಿಳಿದಿದೆ. ಮೊದಲನೆಯದು ಯಾವುದೋ ಪುಸ್ತಕ, ಎರಡನೆಯದು ಇಬ್ಬರಿಗೂ ಗೊತ್ತಿರುವ ಪುಸ್ತಕ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವೂ ‘ಆ’, ‘ಅದೇ’ಗಳೂ ಹಂಚಿಕೊಂಡು ಮಾಡುವ ಕೆಲಸದ ಬಹುಪಾಲನ್ನು ಇಂಗ್ಲಿಷಿನಲ್ಲಿ ‘ದಿ’ ಎಂಬ ಪುಟ್ಟ ಪದ ಮಾಡುತ್ತದೆ ಎಂದು ಹತ್ತು ವರ್ಷಗಳ ಶಾಲಾ ಜೀವನದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ‘ಎ, ಆ್ಯನ್, ದಿ’ಗಳ ನಿಯಮಗಳನ್ನು ನಾವಿಬ್ಬರೂ ಬಾಯಿಪಾಠ ಮಾಡಿದ್ದೆವು, ಅಷ್ಟೆ.

ನಮ್ಮ ಮಕ್ಕಳು ಮಾಡುವ ಬಹುತೇಕ ‘ತಪ್ಪು’ಗಳ ಹಿಂದೆ ಇಂತಹದೇ ಕ್ರಮವಿದೆ. ‘ಅಲ್ಲವೇ’ ಎಂಬ ಒಂದೇ ಮಾತು ಕನ್ನಡದ ಎಲ್ಲ ವಾಕ್ಯಗಳ ಕೊನೆಗೂ ಹೊಂದುವುದರಿಂದ ಮಗು ಇಂಗ್ಲಿಷಿನ ಎಲ್ಲ ವಾಕ್ಯಗಳ ಕೊನೆಗೂ ‘ಈಸಿಂಟ್ ಇಟ್’ ಹಚ್ಚುತ್ತದೆ. ‘ದಿನವೂ ಶಾಲೆಗೆ ಹೋಗುತ್ತೇನೆ’, ‘ನಾಳೆ ಊರಿಗೆ ಹೋಗುತ್ತೇನೆ’ ಎರಡರಲ್ಲಿಯೂ ನಮಗೆ ಕ್ರಿಯಾಪದ ಒಂದೇ ಆದ್ದರಿಂದ ‘ವಿಲ್’ ಎಲ್ಲಿ ಬೇಕೆಂದು ತಿಳಿಯುವುದಿಲ್ಲ. ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಒಂದು ಕ್ರಿಯಾಪದ ನಮ್ಮಲ್ಲಿಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಹತ್ತಿರ ಹಣವಿದೆ’ ಎಂದು ಎರಡು ದಾರಿಗಳಲ್ಲಿ ಹೇಳುತ್ತೇವೆ. ಹಸಿವು, ಜ್ವರ, ಇಷ್ಟ, ನೆನಪುಗಳಲ್ಲಿ ಕನ್ನಡಿಗ ‘ನನಗೆ’ ಎಂದು ಆರಂಭಿಸಿದರೆ ಇಂಗ್ಲಿಷಿನವನು ‘ನಾನು’ ಎಂದು ಆರಂಭಿಸುತ್ತಾನೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅವರದು ನಡುವೆ. ‘ಮೇಜಿನ ಮೇಲೆ’ ಎನ್ನುವಲ್ಲಿ ನಮ್ಮ ‘ಮೇಲೆ’ ನಾಮಪದದ ಹಿಂದಿನಿಂದ ಬಂದರೆ ಅವರ ‘ಆನ್’ ಮುಂದೆ ನಿಲ್ಲುತ್ತದೆ.

ಕೆಲವೆಡೆ ಕನ್ನಡದ ಮಗುವಿಗೆ ಅನುಕೂಲವೂ ಇದೆ. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದವನ್ನು ಆರು ಬಗೆಯಲ್ಲಿ ಬದಲಿಸಬಲ್ಲ ಐದು ವರ್ಷದ ಮಗುವಿಗೆ ‘ಗೋ’ ಮತ್ತು ‘ಗೋಸ್’ ಎಂಬ ಎರಡೇ ರೂಪಗಳು ಕಷ್ಟವಾಗಬೇಕೇಕೆ? ‘ನಿನ್ನ ಭಾಷೆಯಲ್ಲಿ ಹಲವು ಇವೆ, ಇಲ್ಲಿ ಎರಡೇ’ ಎಂದು ಯಾರೂ ಹೇಳದಿರುವುದರಿಂದ ಕಷ್ಟವಾಗುತ್ತದೆ. ವ್ಯಾಕರಣವನ್ನು ಸಂಪೂರ್ಣವಾಗಿ ಕರಗತ ಮಾಡಿಕೊಂಡೇ ಶಾಲೆಗೆ ಬರುವ ಮಗುವನ್ನು ವ್ಯಾಕರಣವೇ ತಿಳಿಯದ ಖಾಲಿ ಹಲಗೆಯೆಂದು ನಾವು ಭಾವಿಸಿದ್ದೇವೆ.

ಹಾಗಾದರೆ ಈವರೆಗೆ ನಾವು ಹೇಗೆ ಕಲಿಸಿದೆವು? ನಮ್ಮ ತಲೆಮಾರಿನವರ ಕೈಗೆ ಬಂದದ್ದು 1930ರ ದಶಕದಲ್ಲಿ ಪ್ರಕಟವಾದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ. ನಿಯಮ, ಉದಾಹರಣೆ, ಅಭ್ಯಾಸ ಎಂಬ ಅದರ ಶಿಸ್ತು ದೊಡ್ಡದೇ. ಆದರೆ ಕಲಿಯುವವನ ಮನೆಮಾತು ಯಾವುದೆಂಬ ಪ್ರಶ್ನೆಯೇ ಅಲ್ಲಿಲ್ಲ. ಇದಕ್ಕೆ ಪ್ರತಿಯಾಗಿ ಹುಟ್ಟಿದ ಪ್ರಯೋಗವೊಂದು ಜಗತ್ತಿನ ಭಾಷಾ ಶಿಕ್ಷಣದ ಚರಿತ್ರೆಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ನೆರವಿನಿಂದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದನ್ನು ನಡೆಸಿದರು. ರೈಲು ವೇಳಾಪಟ್ಟಿ, ನಕ್ಷೆ ಇತ್ಯಾದಿಗಳನ್ನು ಮುಂದಿಟ್ಟು ಮಕ್ಕಳು ಇಂಗ್ಲಿಷಿನಲ್ಲಿಯೇ ಸಮಸ್ಯೆ ಬಿಡಿಸುವಂತೆ ಮಾಡುವುದು ಅದರ ವಿಧಾನ. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನವು ಕೆಲವು ಎಚ್ಚರಿಕೆಗಳೊಂದಿಗೆ ಪ್ರಯೋಗದ ಪರವಾಗಿಯೇ ಇತ್ತು. ‘ಟಾಸ್ಕ್’ ಆಧಾರಿತ ಬೋಧನೆ ಎಂದು ಇಂದು ಜಗತ್ತು ಕರೆಯುವ ವಿಧಾನದ ಮೂಲ ನಮ್ಮ ಊರಿನಲ್ಲಿದೆ ಎಂಬುದು ಹೆಮ್ಮೆಯ ಸಂಗತಿ.

ಆದರೆ 1990ರಲ್ಲಿ ಬಂದ ಮತ್ತೊಂದು ಅಧ್ಯಯನ ಇನ್ನೊಂದು ಮುಖವನ್ನೂ ತೋರಿಸಿತು. ಆ ವಿಧಾನವನ್ನು ಚೆನ್ನಾಗಿ ನಡೆಸಿದವರಲ್ಲಿ ಶಾಲೆಗಳ ಸಾಮಾನ್ಯ ಶಿಕ್ಷಕರಿಗಿಂತ ಹೊರಗಿನಿಂದ ಬಂದ ಪರಿಣತರೇ ಮುಂದಿದ್ದರು. ಇದು ಅಚ್ಚರಿಯೇನಲ್ಲ. ತರಗತಿಯಲ್ಲಿ ಅರಳು ಹುರಿದಂತೆ ಇಂಗ್ಲಿಷ್ ಮಾತನಾಡಬಲ್ಲ ಶಿಕ್ಷಕರಿದ್ದರೆ ಮಾತ್ರ ವ್ಯಾಕರಣ ತಾನಾಗಿ ಒಳಗಿಳಿದೀತು. ಕನ್ನಡ, ಗಣಿತ, ಪರಿಸರ ಅಧ್ಯಯನಗಳೆಲ್ಲವನ್ನೂ ಒಬ್ಬರೇ ಬೋಧಿಸುವ, ಸ್ವತಃ ಕನ್ನಡ ಮಾಧ್ಯಮದಲ್ಲಿಯೇ ಓದಿದ ಹಳ್ಳಿಯ ಶಿಕ್ಷಕಿಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಆಕೆಗೆ ಆ ನಿರರ್ಗಳತೆ ಇಲ್ಲದಿರಬಹುದು. ಆದರೆ ಎರಡೂ ವ್ಯಾಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ಕನ್ನಡದಲ್ಲಿ ವಿವರಿಸುವ ಸಾಮರ್ಥ್ಯ ಆಕೆಗಿದೆ. ಅದನ್ನು ನಾವು ಈವರೆಗೆ ಬಳಸಿಕೊಂಡಿಲ್ಲ.

ಇದು ಹೊಸ ಆಲೋಚನೆಯೂ ಅಲ್ಲ. ಕನ್ನಡ ನಾಡಿಗೆ ಧರ್ಮಪ್ರಸಾರಕ್ಕೆಂದೂ ಆಡಳಿತಕ್ಕೆಂದೂ ಬಂದ ಯುರೋಪಿಯನ್ನರು ಕನ್ನಡವನ್ನು ಕಲಿತದ್ದು ಹೇಗೆ? 1817ರಲ್ಲಿ ವಿಲಿಯಂ ಕೇರಿ, 1859ರಲ್ಲಿ ಥಾಮಸ್ ಹಾಡ್ಸನ್, 1903ರಲ್ಲಿ ಕಿಟೆಲ್ ಪ್ರಕಟಿಸಿದ ಕನ್ನಡ ವ್ಯಾಕರಣಗಳು ಇಂಗ್ಲಿಷಿನಲ್ಲಿವೆ. ತಮಗೆ ಗೊತ್ತಿದ್ದ ಭಾಷೆಯ ಮೂಲಕ ಗೊತ್ತಿಲ್ಲದ ಭಾಷೆಯನ್ನು ಅವರು ತಲುಪಿದರು. ವಿದೇಶಿ ಅಧಿಕಾರಿಗೆ ದಕ್ಕಿದ್ದ ಈ ಸವಲತ್ತು ನಮ್ಮ ರೈತನ ಮಗಳಿಗೆ ಏಕೆ ಬೇಡ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಇನ್ನೊಂದು ಸಂಗತಿಯಿದೆ. ಇಂಗ್ಲಿಷ್ ಬಲ್ಲವರ ಮನೆಯ ಮಗುವಿಗೆ ಅದರ ವ್ಯಾಕರಣ ಊಟದ ಜೊತೆಗೆ ಉಚಿತವಾಗಿ ಸಿಗುತ್ತದೆ. ಅಂತಹ ಮಗುವಿಗೆ ಶಾಲೆಯಲ್ಲಿ ವ್ಯಾಕರಣ ಪಾಠವಿಲ್ಲದಿದ್ದರೂ ನಷ್ಟವಿಲ್ಲ. ಕೂಲಿಕಾರರ ಮಗುವಿಗೆ ಶಾಲೆಯ ನಲವತ್ತು ನಿಮಿಷಗಳನ್ನು ಬಿಟ್ಟರೆ ಬೇರೆ ಮೂಲವಿಲ್ಲ. ಹೀಗಾಗಿ ‘ವ್ಯಾಕರಣ ಬೇಡ, ಸಂವಹನ ಸಾಕು’ ಎಂಬ ಉದಾರವಾಗಿ ಕೇಳಿಸುವ ನಿಲುವಿನ ಬೆಲೆಯನ್ನು ತೆರುವವರು ಬಡವರೇ. ಆ ಬೆಲೆ ಮುಂದೆ ಸಂದರ್ಶನದ ಕೊಠಡಿಯಲ್ಲಿ, ನೇಮಕಾತಿ ಪರೀಕ್ಷೆಯಲ್ಲಿ, ನನ್ನಂತಹ ಅಧಿಕಾರಿಯ ಕೆಂಪು ಶಾಯಿಯಲ್ಲಿ ವಸೂಲಾಗುತ್ತದೆ. ಪೇಟೆಯ ಸ್ಪೋಕನ್ ಇಂಗ್ಲಿಷ್ ತರಗತಿಗಳು ನಡೆಯುತ್ತಿರುವುದು ಶಾಲೆ ಮಾಡದೆ ಬಿಟ್ಟ ಕೆಲಸದ ಮೇಲೆ.

ಆಗಬೇಕಾದದ್ದು ದುಬಾರಿಯೇನಲ್ಲ. ಐದರಿಂದ ಹತ್ತನೆಯ ತರಗತಿಯವರೆಗಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡ ಮತ್ತು ಇಂಗ್ಲಿಷ್ ವಾಕ್ಯಗಳನ್ನು ಹೋಲಿಸಿ ವಿವರಿಸುವ, ಕನ್ನಡದಲ್ಲಿಯೇ ಬರೆದ ನೂರು ಪುಟಗಳ ಒಂದು ಕೈಪಿಡಿ ಬರಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಶಿಕ್ಷಕರನ್ನು ಅದರಲ್ಲಿ ಪಳಗಿಸಲಿ. ಪರೀಕ್ಷೆಗಳು ಬಿಡಿ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ಪರಿವರ್ತಿಸಿ ಎಂದು ಕೇಳುವುದನ್ನು ಕಡಿಮೆ ಮಾಡಿ, ಪಂಚಾಯಿತಿಗೆ ಒಂದು ದೂರು ಬರೆಯಿರಿ ಎಂದು ಕೇಳಲಿ. ಕನ್ನಡ ವ್ಯಾಕರಣದ ಬೋಧನೆಯೂ ಬದಲಾಗಬೇಕು. ಸಂಧಿ, ಸಮಾಸಗಳ ಹೆಸರುಗಳನ್ನು ಉರು ಹೊಡೆದ ಮಗುವಿಗೆ ‘ಅನ್ನು’ ಏನು ಕೆಲಸ ಮಾಡುತ್ತದೆಂದು ತಿಳಿದಿರುವುದಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಇಲ್ಲಿ ಪ್ರಸ್ತುತ. ತನ್ನ ಭಾಷೆಯ ಕಟ್ಟಡವನ್ನು ಕಾಣದವನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ?

ಎಲ್ಲ ಮಕ್ಕಳ ಮನೆಮಾತೂ ಕನ್ನಡವಲ್ಲವಲ್ಲ ಎಂಬ ಆಕ್ಷೇಪಣೆ ಸಹಜ. ಆದರೆ ತೆಲುಗು, ತಮಿಳು, ಉರ್ದು ಭಾಷೆಗಳಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ, ‘ಮೇಲೆ’, ‘ಒಳಗೆ’ಗಳು ನಾಮಪದದ ನಂತರವೇ ಬರುತ್ತವೆ, ಹಸಿವು ‘ನನಗೆ’ ಆಗುತ್ತದೆ. ಕನ್ನಡದ ಮೆಟ್ಟಿಲು ಅವರಿಗೂ ಬಹುಮಟ್ಟಿಗೆ ಒದಗುತ್ತದೆ. ಇಂಗ್ಲಿಷ್ ತರಗತಿಗೆ ಕನ್ನಡ ಬಂದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯವೂ, ಇಂಗ್ಲಿಷನ್ನು ಚೆನ್ನಾಗಿ ಕಲಿಸಿದರೆ ಕನ್ನಡಕ್ಕೆ ಕುತ್ತು ಎಂಬ ಭಯವೂ ಒಂದೇ ಅಪನಂಬಿಕೆಯ ಎರಡು ಮುಖಗಳು. ಕನ್ನಡ ಚಳವಳಿಗೆ ಹೆಸರಾದ ವರದಿಯನ್ನು ಕೊಟ್ಟ ವಿ. ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದರೆಂಬುದನ್ನು ಎರಡೂ ಪಕ್ಷದವರು ನೆನೆಯಬೇಕು.

ಆ ಕಡತವನ್ನು ನಾನು ಈಗಲೂ ಮನಸ್ಸಿನಲ್ಲಿ ತೆರೆದು ನೋಡುವುದುಂಟು. ಕೆಂಪು ಶಾಯಿಯನ್ನು ಮುಟ್ಟುವ ಮುನ್ನ ಆ ಸಹಾಯಕರನ್ನು ಕರೆದು ‘ಯಾವ ಬಾವಿ?’ ಎಂದು ಕನ್ನಡದಲ್ಲಿ ಕೇಳಿದ್ದರೆ ಅವರು ಅರೆಕ್ಷಣದಲ್ಲಿ ಉತ್ತರಿಸುತ್ತಿದ್ದರು. ಎಲ್ಲಿ ‘ಎ’, ಎಲ್ಲಿ ‘ದಿ’ ಎಂಬುದು ನಮ್ಮಿಬ್ಬರಿಗೂ ಅಂದೇ ತಿಳಿಯುತ್ತಿತ್ತು. ಐದನೆಯ ತರಗತಿಯ ಶಿಕ್ಷಕಿ ನಾಳೆ ತನ್ನ ಮಕ್ಕಳಿಗೆ ಅಂತಹ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದಕ್ಕೆ ಬೇಕಾಗಿರುವುದು ಆ ಒಂದು ಕೈಪಿಡಿ ಮತ್ತು ಹಾಗೆ ಕೇಳಲು ಇಲಾಖೆಯ ಅನುಮತಿ.